ಹಳೆಯ ಪಟ್ಟಿಯಲ್ಲಿ ಉಳಿದ ಹೆಸರು

ವ್ಯಾಪಾರಿಗೆ ಬಂಡವಾಳಕ್ಕಿಂತ ಪತ್ತು ದೊಡ್ಡದು. ಅದನ್ನು ಗಳಿಸಲು ಇಪ್ಪತ್ತು ವರ್ಷ ಬೇಕು, ಕಳೆಯಲು ಒಂದು ದಿನ ಸಾಕು. ಹಿಂದೆ ಈ ಪತ್ತು ಪೇಟೆಯ ಬಾಯಿಮಾತಿನಲ್ಲಿ ಇರುತ್ತಿತ್ತು. ಈಗ ಕಂಪ್ಯೂಟರಿನ ಪಟ್ಟಿಗಳಲ್ಲಿಯೂ ಇದೆ.

ಸೊಲ್ಲಾಪುರದಲ್ಲಿ ಚಾದರ ಮಾರುವ ನಮ್ಮ ಪರಿಚಯದ ಅಂಗಡಿಯೊಂದರ ವೆಬ್‌ಸೈಟಿನೊಳಗೆ ಯಾರೋ ಕಳ್ಳರು ನುಗ್ಗಿ, ಒಂದು ಬ್ಯಾಂಕಿನ ನಕಲಿ ಪುಟವನ್ನು ಅಡಗಿಸಿಟ್ಟಿದ್ದರು. ನಿಜವೆಂದು ನಂಬಿದವರು ತಮ್ಮ ಗುಪ್ತ ಅಂಕಿಗಳನ್ನು ಅಲ್ಲಿ ಬರೆಯಲಿ ಎಂಬುದೇ ಅದರ ಉದ್ದೇಶ. ಹೀಗೆ ಗಾಳ ಹಾಕುವುದಕ್ಕೆ ಫಿಶಿಂಗ್ ಎನ್ನುತ್ತಾರೆ. ಅಂಗಡಿಯವರು ತಿಳಿದ ಕೂಡಲೇ ಆ ಪುಟವನ್ನು ಕಿತ್ತು ಹಾಕಿಸಿದರು. ಆದರೂ ಗಿರಾಕಿಗಳು ಸೈಟು ತೆರೆದರೆ ಕೆಂಪು ಪರದೆ, ‘ಇದು ಅಪಾಯಕಾರಿ ತಾಣ’ ಎಂಬ ಎಚ್ಚರಿಕೆ. ಹಬ್ಬದ ಆರ್ಡರುಗಳು ನಿಂತವು. ಹಳೆಯ ಗಿರಾಕಿಗಳೇ ಸಂಶಯದಿಂದ ಕೇಳತೊಡಗಿದರು.

ಕಾರಣ ಸರಳ. ಉದ್ರಿ ತೀರಿದರೂ ಖಾತೆಯಲ್ಲಿ ಜಮಾ ಬರೆಯದಿದ್ದರೆ ಬಾಕಿ ಬಾಕಿಯೇ. ಗೂಗಲ್ಲಿನ ‘ಸೇಫ್ ಬ್ರೌಸಿಂಗ್’ ಪಟ್ಟಿಯನ್ನು ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಬಳಸುತ್ತವೆ. ಮೈಕ್ರೋಸಾಫ್ಟಿನದು ‘ಸ್ಮಾರ್ಟ್‌ಸ್ಕ್ರೀನ್’, ಬೇರೆಯೇ ಖಾತೆ. 2006ರಲ್ಲಿ ಆರಂಭವಾದ ‘ಫಿಶ್‌ಟ್ಯಾಂಕ್’ ಇನ್ನೊಂದು. ವೈರಸ್ ತಡೆಯುವ ಕಂಪನಿಗಳವು ಮತ್ತೆ ಬೇರೆ. ಒಬ್ಬರ ಪಟ್ಟಿ ನೋಡಿ ಮತ್ತೊಬ್ಬರು ಬರೆದುಕೊಳ್ಳುವುದುಂಟು. ಆದರೆ ಒಬ್ಬರು ಹೊಡೆದುಹಾಕಿದರೆಂದು ಎಲ್ಲರೂ ಹೊಡೆದುಹಾಕುವರೆಂಬ ಭರವಸೆ ಇಲ್ಲ.

ಹೆಸರು ತೆಗೆಸುವ ಕ್ರಮ ಹೀಗಿದೆ. ಮೊದಲು ಮನೆ ಗುಡಿಸಬೇಕು. ನಕಲಿ ಪುಟ ತೆಗೆಯುವುದಷ್ಟೇ ಅಲ್ಲ, ಕಳ್ಳ ಬಂದ ಬಾಗಿಲನ್ನೂ ಮುಚ್ಚಬೇಕು. ಹಳೆಯ ತಂತ್ರಾಂಶ ಹೊಸದಾಗಲಿ, ಪಾಸ್‌ವರ್ಡುಗಳೆಲ್ಲ ಬದಲಾಗಲಿ. ಬಳಿಕ ‘ವೈರಸ್‌ಟೋಟಲ್’ ಎಂಬಲ್ಲಿ ಸೈಟಿನ ವಿಳಾಸ ಕೊಟ್ಟರೆ, ಎಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳಲ್ಲಿ ಯಾರು ಯಾರು ದೋಷ ಹೇಳುತ್ತಾರೆಂದು ಒಂದೇ ಕಡೆ ಕಾಣುತ್ತದೆ. ವೈರಸ್‌ಟೋಟಲ್ ತಾನಾಗಿ ಹೆಸರು ತೆಗೆಯದು. ದೋಷ ಹೇಳಿದ ಪ್ರತಿಯೊಬ್ಬರಿಗೂ ನಾವೇ ಬರೆಯಬೇಕು. ಗೂಗಲ್ಲಿಗಾದರೆ ‘ಸರ್ಚ್ ಕನ್ಸೋಲ್’ನಲ್ಲಿ ಏನು ತಪ್ಪಿತ್ತು, ಏನು ಸರಿಪಡಿಸಿದೆವು ಎಂದು ಬರೆದು ಮರುಪರಿಶೀಲನೆ ಕೇಳಬೇಕು. ಫಿಶಿಂಗ್ ಪ್ರಕರಣಕ್ಕೆ ಸುಮಾರು ಒಂದು ದಿನ ಸಾಕೆಂದು ಅವರೇ ತಿಳಿಸಿದ್ದಾರೆ. ಆದರೆ ಗುಡಿಸದೆಯೇ ಅರ್ಜಿ ಹಾಕಬಾರದು. ಸ್ವಚ್ಛವಾಯಿತೆಂದು ತೋರಿಸಿ ಮತ್ತೆ ಮತ್ತೆ ಅದೇ ದೋಷಕ್ಕೆ ಮರಳುವ ಸೈಟುಗಳು ಮೂವತ್ತು ದಿನ ಮರುಪರಿಶೀಲನೆ ಕೇಳುವಂತಿಲ್ಲ ಎಂಬ ನಿಯಮವನ್ನು ಗೂಗಲ್ 2016ರಲ್ಲಿ ತಂದಿದೆ.

ಇನ್ನೊಂದು ಮಾತು. ಗೂಗಲ್ಲಿನ ಈ ಮರುಪರಿಶೀಲನೆಗೆ ಒಂದು ಪೈಸೆ ಖರ್ಚಿಲ್ಲ. ‘ಇಷ್ಟು ಸಾವಿರ ಕೊಡಿ, ಪಟ್ಟಿಯಿಂದ ಹೆಸರು ತೆಗೆಸುತ್ತೇವೆ’ ಎಂದು ತಾವಾಗಿ ಫೋನು ಮಾಡುವವರನ್ನು ನಂಬಬೇಡಿ. ಗಾಯದ ಮೇಲೆ ಕೂರುವ ನೊಣಗಳು ಅವು.

ಇಂಥ ಮೋಸಗಳ ಪರಿಚಯ ಮಾಡಿಕೊಡುವ ಪಾಡ್‌ಕಾಸ್ಟುಗಳು, ಅಂದರೆ ಬೇಕೆಂದಾಗ ಮೊಬೈಲಿನಲ್ಲಿ ಕೇಳುವ ರೇಡಿಯೋ ಮಾದರಿಯ ಕಾರ್ಯಕ್ರಮಗಳು, ಈಗ ಬಹಳ ಇವೆ. 2017ರಿಂದ ಬರುತ್ತಿರುವ ‘ಡಾರ್ಕ್‌ನೆಟ್ ಡೈರೀಸ್’ ಕಂಪ್ಯೂಟರ್ ಕಳ್ಳತನದ ಒಳಗುಟ್ಟು ಹೇಳುತ್ತದೆ. ಅಮೆರಿಕದ ಹಿರಿಯ ನಾಗರಿಕರ ಸಂಸ್ಥೆಯ ‘ದಿ ಪರ್ಫೆಕ್ಟ್ ಸ್ಕ್ಯಾಮ್’ನಲ್ಲಿ ಮೋಸಹೋದವರೇ ತಮ್ಮ ಕಥೆ ಹೇಳುತ್ತಾರೆ. ‘ದಿ ಎಕಾನಮಿಸ್ಟ್’ ಪತ್ರಿಕೆಯ ‘ಸ್ಕ್ಯಾಮ್ ಇಂಕ್’ 2025ರಲ್ಲಿ ಬಂದಿತು. ಅದರಲ್ಲಿ ಅಮೆರಿಕದ ಕಾನ್ಸಾಸಿನ ಬ್ಯಾಂಕ್ ಮುಖ್ಯಸ್ಥನೊಬ್ಬನ ಕಥೆ ಇದೆ. ಆತ ನಕಲಿ ಕ್ರಿಪ್ಟೋ ಹೂಡಿಕೆಯ ಬಲೆಗೆ ಬಿದ್ದು, 2023ರಲ್ಲಿ ತನ್ನ ಬ್ಯಾಂಕಿನದೇ 47 ದಶಲಕ್ಷ ಡಾಲರ್ ಕಳುಹಿಸಿದ. ಬ್ಯಾಂಕು ಮುಳುಗಿತು, ಅವನಿಗೆ 24 ವರ್ಷಕ್ಕೂ ಮೀರಿದ ಸೆರೆವಾಸವಾಯಿತು. ಕಲಿತವರು ಮೋಸಹೋಗರು ಎಂಬ ಮಾತು ಸುಳ್ಳು. ಇವೆಲ್ಲ ಇಂಗ್ಲಿಷಿನಲ್ಲಿವೆ. ಮನೆಯ ಮಕ್ಕಳು ವಾರಕ್ಕೊಂದು ಕೇಳಿ, ಊಟದ ಹೊತ್ತಿಗೆ ಅಜ್ಜ ಅಜ್ಜಿಯರಿಗೆ ಕನ್ನಡದಲ್ಲಿ ಹೇಳಲಿ.

ಕೇಳುವಾಗ ಒಂದು ಸಂಗತಿ ಮನಸ್ಸಿಗೆ ತಟ್ಟುತ್ತದೆ. ಮೋಸಹೋದವರು ಹಣಕ್ಕಿಂತ ಹೆಚ್ಚಾಗಿ ನಾಚಿಕೆಯಿಂದ ನೊಂದಿರುತ್ತಾರೆ. ನಮ್ಮ ಮನೆಗಳಲ್ಲಿಯೂ ಒಂದು ಪಟ್ಟಿ ಇರುತ್ತದಲ್ಲವೆ? ಒಮ್ಮೆ ಹಣ ಕಳೆದುಕೊಂಡ ಮಗನನ್ನು, ಓಟಿಪಿ ಹೇಳಿಬಿಟ್ಟ ಸೊಸೆಯನ್ನು ಹತ್ತು ವರ್ಷ ಆದರೂ ನೆನಪಿಸಿ ಹಂಗಿಸುತ್ತೇವೆ. ಆ ಹೆದರಿಕೆಗೇ ಮುಂದೆ ಮೋಸವಾದಾಗ ಅವರು ಬಾಯಿ ಬಿಡುವುದಿಲ್ಲ. ಸಹಾಯವಾಣಿ 1930ಕ್ಕೆ ಕೂಡಲೇ ಫೋನು ಮಾಡಿದರೆ ಹಣ ತಡೆಹಿಡಿಯುವ ಅವಕಾಶವಿರುತ್ತದೆ. ಮುಚ್ಚಿಟ್ಟಷ್ಟೂ ಅದು ಕೈತಪ್ಪುತ್ತದೆ.

ಎಚ್ಚರಿಕೆಯ ಪಟ್ಟಿ ಬೇಕು. ಅದಿಲ್ಲದಿದ್ದರೆ ಆ ನಕಲಿ ಪುಟದಲ್ಲಿ ಎಷ್ಟು ಮನೆಗಳು ಹಾಳಾಗುತ್ತಿದ್ದವೋ! ಆದರೆ ದೋಷ ತಿದ್ದಿಕೊಂಡವರ ಹೆಸರನ್ನು ಹೊಡೆದುಹಾಕುವುದೂ ಪಟ್ಟಿ ಇಡುವವರ ಧರ್ಮ. ಅದು ಗೂಗಲ್ಲಿಗೆ ಎಷ್ಟೋ, ಮನೆಯ ಹಿರಿಯರಾದ ನಮಗೂ ಅಷ್ಟೇ.