ಆರು ಪೈಸೆಯಲ್ಲಿ ಮಕ್ಕಳ ಪಾಲು

ಪಿ.ಜೆ. ಬಡಾವಣೆಯೆಂದು ನಾವು ಮೊಟಕುಗೊಳಿಸಿಕೊಂಡಿರುವ ದಾವಣಗೆರೆಯ ಪ್ರಿನ್ಸ್ ಜಯಚಾಮರಾಜ ಬಡಾವಣೆಯಲ್ಲಿ ಸ್ವಂತ ಮನೆಯುಳ್ಳವರು ಮಹಾನಗರಪಾಲಿಕೆಗೆ ವರ್ಷಾವರ್ಷ ಕಂದಾಯ ಕಟ್ಟುವಾಗ, ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವನ್ನೂ ತೆರುತ್ತಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಪ್ರಾಪ್ತವಾದ ಈ ಬಾಬ್ತಿನತ್ತ ಕಣ್ಣು ಹಾಯಿಸುವವರು ವಿರಳ. ಅದರಲ್ಲಿ ಶಾಲೆಗೆ ಹೋಗುವ ಬಾಲಕ ಬಾಲಿಕೆಯರಿಗೆ ಎಷ್ಟು ಪಾಲು ಸಲ್ಲುತ್ತಿದೆಯೆಂದು ವಿಚಾರಿಸುವವರು ಇನ್ನೂ ವಿರಳ.

ಸಾರ್ವಜನಿಕ ಗ್ರಂಥಾಲಯವೆಂಬ ಸಂಸ್ಥೆಯು ಆದಿಯಲ್ಲಿ ಮಕ್ಕಳನ್ನು ಉದ್ದೇಶಿಸಿ ಹುಟ್ಟಿದ್ದಲ್ಲ. ಕಳೆದ ಶತಮಾನಕ್ಕೂ ಹಿಂದೆ ಅಮೆರಿಕದ ಅನೇಕ ಗ್ರಂಥಾಲಯಗಳು ಹನ್ನೆರಡು ಹದಿನಾಲ್ಕು ವರ್ಷ ತುಂಬದವರನ್ನು ಒಳಕ್ಕೇ ಬಿಡುತ್ತಿರಲಿಲ್ಲ. 1890ರಲ್ಲಿ ಮಸಾಚುಸೆಟ್ಸ್ ಪ್ರಾಂತದ ಬ್ರೂಕ್‌ಲೈನ್ ಎಂಬ ಊರಿನ ಗ್ರಂಥಾಲಯವು ಮಕ್ಕಳಿಗೆಂದು ಪ್ರತ್ಯೇಕ ವಾಚನಾಲಯವನ್ನು ತೆರೆದುದನ್ನು ಮಕ್ಕಳ ಗ್ರಂಥಾಲಯಗಳ ಇತಿಹಾಸಕಾರರು ಗೌರವದಿಂದ ಸ್ಮರಿಸುತ್ತಾರೆ; ಆದರೆ ಆ ಕೊಠಡಿಯಿದ್ದುದು ಕಟ್ಟಡದ ನೆಲಮಾಳಿಗೆಯಲ್ಲಿ, ಅದರ ಉಸ್ತುವಾರಿಯಿದ್ದುದು ಜವಾನನ ಕೈಯಲ್ಲಿ! ನಮ್ಮ ಹಲವು ಊರುಗಳ ಮಕ್ಕಳ ವಿಭಾಗವು ಆ ಪ್ರಥಮಾವಸ್ಥೆಯನ್ನು ಇನ್ನೂ ದಾಟಿಲ್ಲವೆಂದರೆ ಅತಿಶಯೋಕ್ತಿಯಾಗದು.

ನಮ್ಮ ದೇಶದಲ್ಲಿ ಈ ವಿಚಾರದಲ್ಲಿ ದೂರದೃಷ್ಟಿ ತೋರಿದವರು ಬರೋಡೆಯ ಸಯಾಜಿರಾವ್ ಗಾಯಕವಾಡರು. 1910ರಲ್ಲಿ ಅವರು ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲರನ್ನು ಕರೆಸಿ ಕಟ್ಟಿಸಿದ ವ್ಯವಸ್ಥೆಯಲ್ಲಿ ಮಕ್ಕಳಿಗೆ ಪ್ರತ್ಯೇಕ ಸ್ಥಾನವಿತ್ತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿಯೂ ಇಂದಿರಾ ಪ್ರಿಯದರ್ಶಿನಿ ಹೆಸರಿನ ಮಕ್ಕಳ ಗ್ರಂಥಾಲಯವೊಂದುಂಟು. ರಾಜಧಾನಿಗೆ ಉಚಿತವೆನಿಸಿದ್ದು ದಾವಣಗೆರೆಗೆ ಅನುಚಿತವೆನಿಸಲು ಕಾರಣವೇನೋ ತಿಳಿಯದು.

ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿಲ್ಲವೆಂಬ ನೆಪವನ್ನಂತೂ ಯಾರೂ ಮುಂದೊಡ್ಡುವಂತಿಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮೊದಲಾದವರು ಹಾಕಿಕೊಟ್ಟ ಮೇಲ್ಪಂಕ್ತಿಯಲ್ಲಿ, ಶಿವರಾಮ ಕಾರಂತರು ಏಕಾಂಗಿಯಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದರು, ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯೆಂಬ ಕಿರಿಯರ ವಿಶ್ವಕೋಶವು ಏಳು ಸಂಪುಟಗಳಲ್ಲಿ ಹೊರಬಂದಿತು, ಅಂಗೈಯಗಲದ ‘ಭಾರತ-ಭಾರತಿ’ ಪುಸ್ತಕಗಳು ಐನೂರಕ್ಕೂ ಮಿಕ್ಕಿವೆ. ಕೊರತೆಯಿರುವುದು ಗ್ರಂಥಗಳಲ್ಲಿ ಅಲ್ಲ, ಅವನ್ನು ಬೀಗ ಹಾಕಿದ ಗಾಜಿನ ಬೀರುವಿನಿಂದ ಈಚೆಗೆ ತೆಗೆದು, ಎಂಟು ವರ್ಷದ ಹುಡುಗಿಯ ಕೈಗೆಟುಕುವ ಎತ್ತರದಲ್ಲಿರಿಸಿ, ಆಕೆ ಕೇಳಿದುದಕ್ಕೆ ಬೇಸರವಿಲ್ಲದೆ ಉತ್ತರಿಸುವ ಸಿಬ್ಬಂದಿಯಲ್ಲಿ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂದು 1931ರಲ್ಲಿ ಸೂತ್ರೀಕರಿಸಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದುದು ಕರ್ನಾಟಕದ ನೆಲದಲ್ಲಿಯೇ ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ.

ಇಂದು ನಗರದ ಗ್ರಂಥಾಲಯಗಳ ಕುರ್ಚಿಗಳನ್ನು ಬೆಳಗಿನಿಂದಲೇ ಆಕ್ರಮಿಸುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ತರುಣ ತರುಣಿಯರು. ಅವರನ್ನು ದೂಷಿಸುವುದು ನನ್ನ ಇಂಗಿತವಲ್ಲ. ಉದ್ಯೋಗದ ಚಿಂತೆಯುಳ್ಳವರಿಗೆ ನಿಶ್ಶಬ್ದವೂ ಬೆಳಕೂ ಬೇಕು. ಆದರೆ ಗಟ್ಟಿಯಾಗಿ ಓದುವ, ಚಿತ್ರ ನೋಡಿ ನಗುವ, ಪಕ್ಕದವನನ್ನು ಮೊಣಕೈಯಿಂದ ತಿವಿದು ತೋರಿಸುವ ಮಗುವಿಗೆ ಅದೇ ಕೊಠಡಿಯ ಒಂದು ಮೂಲೆಯನ್ನು ಕೊಟ್ಟರೆ ಉಭಯತ್ರರಿಗೂ ಅನ್ಯಾಯ. ಸೋಲುವುದು ಯಾವಾಗಲೂ ಮಗುವೇ.

ಹಳ್ಳಿಗಳು ಈ ವಿಷಯದಲ್ಲಿ ನಗರಕ್ಕಿಂತ ಮುಂದಾಗಿರುವುದು ಸೋಜಿಗ. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಸೇರಿದ ತರುವಾಯ, ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಆರರಿಂದ ಹದಿನೆಂಟರೊಳಗಿನ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ನೀಡಿತು. ಹರಿಹರದ ಸುತ್ತಲಿನ ಗ್ರಾಮದ ಮಗುವಿಗೆ ಹೀಗೆ ಸಲ್ಲುವ ಆಹ್ವಾನವು, ಕರ ತೆರುವ ಬಡಾವಣೆಯ ಮಗುವಿಗೂ ಸಲ್ಲಬೇಡವೇ?

ಸ್ಥಳೀಯ ಸಂಸ್ಥೆಗಳು ತಾವು ವಸೂಲು ಮಾಡಿದ ಗ್ರಂಥಾಲಯ ಕರವನ್ನು ಗ್ರಂಥಾಲಯ ಇಲಾಖೆಗೆ ಸಕಾಲದಲ್ಲಿ ಪಾವತಿಸುವುದಿಲ್ಲವೆಂಬ ದೂರು ರಾಜ್ಯದಲ್ಲಿ ಹಳೆಯದು. ಆದುದರಿಂದ ಪಾಲಿಕೆಯು ತನ್ನ ಆಯವ್ಯಯವನ್ನು ಮಂಡಿಸುವಾಗ, ಆ ವರ್ಷ ಸಂಗ್ರಹಿಸಿದ ಕರವೆಷ್ಟು, ಗ್ರಂಥಾಲಯಕ್ಕೆ ಒಪ್ಪಿಸಿದ್ದೆಷ್ಟು ಎಂಬುದನ್ನು ಬಹಿರಂಗಪಡಿಸಲಿ. ಗ್ರಂಥಾಲಯವು ಅದರಲ್ಲಿ ಮಕ್ಕಳ ಪುಸ್ತಕಗಳಿಗೆ ವಿನಿಯೋಗಿಸಿದ ಮೊತ್ತವನ್ನು ತನ್ನ ಬಾಗಿಲಲ್ಲಿಯೇ ಬರೆದು ತೂಗುಹಾಕಲಿ. ಸೋಮವಾರ ರಜೆಯಿಟ್ಟು ಭಾನುವಾರ ತೆರೆದಿರುವ ಈ ಸಂಸ್ಥೆಯಲ್ಲಿ, ಕನಿಷ್ಠಪಕ್ಷ ಆ ಭಾನುವಾರದ ದಿನವಾದರೂ ಒಂದು ಕೊಠಡಿಯೂ ಒಬ್ಬ ಗ್ರಂಥಪಾಲರೂ ಮಕ್ಕಳಿಗೇ ಮೀಸಲಾಗಲಿ.