ವೆಲ್ಲೆಸ್ಲಿ ಸೇತುವೆಯೋ, ಪೂರ್ಣಯ್ಯನ ಸೇತುವೆಯೋ?

ಶ್ರೀರಂಗಪಟ್ಟಣದ ಹಳೆಯ ಸೇತುವೆಯನ್ನು ಕಮಾನುಸೇತುವೆಯೆಂದೂ ಆಂಗ್ಲರ ಶಿಲ್ಪವೆಂದೂ ವರ್ಣಿಸುವ ಸುಶಿಕ್ಷಿತರು ನಮ್ಮ ಅಲೀಪುರ, ಗೌರೀಬಿದನೂರು ಸೀಮೆಯಲ್ಲಿಯೂ ಇಲ್ಲದಿಲ್ಲ. ಈ ಎರಡು ಮಾತುಗಳೂ ತಪ್ಪು. 1804ರಲ್ಲಿ ಅದನ್ನು ಕಟ್ಟಿಸಿದವರು ದಿವಾನ್ ಪೂರ್ಣಯ್ಯನವರು. ಅದರಲ್ಲಿ ಕಮಾನೆಂಬುದೇ ಇಲ್ಲ. ಸಾಲುಸಾಲಾಗಿ ಕಲ್ಲುಗಂಬಗಳು, ಅವುಗಳ ಮೇಲೆ ಬೋದಿಗೆಗಳು, ಬೋದಿಗೆಗಳ ಮೇಲೆ ತೊಲೆಗಲ್ಲುಗಳು. ನಮ್ಮ ದೇವಾಲಯಗಳ ಮಂಟಪವನ್ನು ಕಣ್ಣಿಟ್ಟು ನೋಡಿದವರಿಗೆ ಈ ಕ್ರಮವು ಅಪರಿಚಿತವಲ್ಲ.

"ಕಮಾನು ಕಟ್ಟಲು ಬಾರದೆ ಕಂಬ ನೆಟ್ಟರು" ಎಂಬುದು ಇನ್ನೊಂದು ಆಕ್ಷೇಪ. ಅದೇ ಊರಿನಲ್ಲಿ ಟಿಪ್ಪುವಿನ ಕಾಲದ ಗುಂಬಜು ನಿಂತಿರುವಾಗ ಈ ಮಾತನ್ನು ಹೇಗೆ ಒಪ್ಪುವುದು? ಕಲ್ಲು ಭಾರವನ್ನು ಹೊರುವುದು, ಬಾಗುವಿಕೆಯನ್ನು ತಾಳದು. ಆದಕಾರಣ ತೊಲೆ ಗಿಡ್ಡವಾಗಿ, ಕಂಬಗಳು ಒತ್ತಾಗಿರಬೇಕಾಯಿತು. ಪ್ರವಾಹದಲ್ಲಿ ಬರುವ ಮರಮಟ್ಟುಗಳು ಅವುಗಳಿಗೆ ಸಿಕ್ಕಿಕೊಳ್ಳುವುವೆಂಬುದು ನಿಜವೇ. ಆದರೆ ಕಮಾನುಗಳು ಒಂದನ್ನೊಂದು ಒತ್ತಿ ನಿಲ್ಲುವುವು. ಒಂದು ಬಿದ್ದರೆ ನೆರೆಯದಕ್ಕೂ ಅಪಾಯ. ತೊಲೆಸೇತುವೆಗೆ ಆ ಹಂಗಿಲ್ಲ. ಶಿವನಸಮುದ್ರದಲ್ಲಿ ಇದೇ ಬಗೆಯ ಹಳೆಯ ಸೇತುವೆಯ ಒಂದು ಭಾಗವು 2018ರ ಪ್ರವಾಹದಲ್ಲಿ ಕೊಚ್ಚಿಹೋದಾಗಲೂ ಉಳಿದ ಕಂಬಗಳು ನಿಂತೇ ಇದ್ದುವು.

ಹೆಸರಿನ ವಿಷಯದಲ್ಲಿ ಆಂಗ್ಲರನ್ನು ಮಾತ್ರ ದೂರುವುದು ನ್ಯಾಯವಲ್ಲ. 1799ರಲ್ಲಿ ಒಡೆಯರ ವಂಶಕ್ಕೆ ರಾಜ್ಯವು ಮರಳಿ ಬಂದುದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಡಳಿತದಲ್ಲಿ. ಬಾಲರಾಜನ ದಿವಾನರು ಆ ಹೆಸರನ್ನು ತಾವಾಗಿಯೇ ಇಟ್ಟರು. ಅದು ರಾಜನೀತಿ. ಶಿವನಸಮುದ್ರದಲ್ಲಿಯೂ ಹೀಗೆಯೇ: ಸ್ವಂತ ಹಣದಿಂದ ಸೇತುವೆ ಕಟ್ಟಿಸಿ "ಜನೋಪಕಾರ ಕಾಮಕರ್ತ"ರೆನಿಸಿದವರು ರಾಮಸ್ವಾಮಿ ಮೊದಲಿಯಾರರು, ಹೆಸರು ಮಾತ್ರ ಮದರಾಸಿನ ಗವರ್ನರ್ ಲಷಿಂಗ್ಟನ್ನನದು! ಬಂಡೆಯನ್ನು ಸೀಳಿ, ನಡುಹೊಳೆಯಲ್ಲಿ ಕಂಬ ನಿಲ್ಲಿಸಿದ ಕಲ್ಲುಕುಟಿಗರನ್ನಂತೂ ಕೇಳುವವರಿಲ್ಲ.

ಅಂದಿನ ರಾಜನೀತಿಗೆ ಇಂದಿನವರೇಕೆ ಕಟ್ಟುಬೀಳಬೇಕು? ಪಿನಾಕಿನಿಯ ಸೀಮೆಯ ನಮಗೆ ಕಾವೇರಿಯ ಗೊಡವೆಯೇಕೆಂದು ಕೆಲವರು ಕೇಳಬಹುದು. ಅವರ ಮಕ್ಕಳೂ ಓದುವುದು ಇದೇ ನಾಡಿನ ಚರಿತ್ರೆಯನ್ನಷ್ಟೆ! ಹಳೆಯ ಹೆಸರನ್ನು ಅಳಿಸಬೇಕೆಂದು ನಾನು ಹೇಳುವುದಿಲ್ಲ, ಅದೂ ಚರಿತ್ರೆಯೇ. ಕಟ್ಟಿಸಿದವರ ಹೆಸರನ್ನು ಕನ್ನಡದಲ್ಲಿ, ದಾರಿಹೋಕರಿಗೆ ಕಾಣುವಂತೆ, ಎರಡು ಸ್ಥಳಗಳಲ್ಲಿಯೂ ನಿಲ್ಲಿಸಲಿ. ಸಂದುಗಳಲ್ಲಿ ಬೇರೂರುವ ಅರಳಿಯ ಸಸಿಗಳನ್ನು ಮಳೆಗಾಲಕ್ಕೆ ಮುಂಚೆ ವರ್ಷವರ್ಷವೂ ಕೀಳಿಸಲಿ. ಇದಕ್ಕೆ ಬೇಕಾದುದು ನಾಲ್ಕು ಆಳು, ಎರಡು ದಿನದ ಕೂಲಿ.