ಕಿಕ್ಕಿಗೆ ಬಗ್ಗದ ಬೈಕು ಇಳಿಜಾರಿಗೆ ಬಗ್ಗೀತು

ಆಲಂಕಾರಿನಂಥ ಊರಲ್ಲಿ ತೋಟದ ಮನೆಯಿಂದ ಡಾಮರು ರಸ್ತೆಗೆ ಬರುವುದೇ ಒಂದು ಪ್ರಯಾಣ. ಕೊನೆಯ ಬಸ್ಸು ಹೋದ ಮೇಲೆ ಕಡಬಕ್ಕೋ ಉಪ್ಪಿನಂಗಡಿಗೋ ಮದ್ದಿಗೆ ಹೋಗಬೇಕಾದರೆ ಎಷ್ಟೋ ಮನೆಗಳಲ್ಲಿ ಈಗಲೂ ಅಪ್ಪನ ಹಳೇ ಬೈಕೇ ಗತಿ. ಮಕ್ಕಳು ಬೆಂಗಳೂರಲ್ಲಿ, ಅಪ್ಪನಿಗೆ ಮಂಡಿನೋವು, ಬೈಕಿಗೆ ಮಳೆಗಾಲದ ಥಂಡಿ. ಕಿಕ್ ಹೊಡೆಯುವವರು ಯಾರು ಮಾರಾಯ್ರೇ?

ಒಂದು ವಿಷಯ ತಿಳಿದಿರಲಿ. ಕಿಕ್ ಮಾಡುವುದು ಒಂದೇ ಕೆಲಸ, ಎಂಜಿನ್ ತಿರುಗಿಸುವುದು. ಅದನ್ನು ಹಿಂದಿನ ಚಕ್ರವೂ ಮಾಡುತ್ತದೆ. ಆದರೆ ಪೆಟ್ರೋಲೂ ಕಿಡಿಯೂ ಇಲ್ಲದಿದ್ದರೆ ಎಷ್ಟು ದೂಡಿದರೂ ದಂಡ. ಹಾಗಾಗಿ ಮೊದಲು ಪೆಟ್ರೋಲ್ ಟ್ಯಾಪ್ ನೋಡಿ, ಚೋಕ್ ಎಳೆಯಿರಿ. ಪ್ಲಗ್ ಬಿಚ್ಚಿದಾಗ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಎಂಜಿನ್ ಕುಡಿದದ್ದು ಜಾಸ್ತಿ ಅಂತ ಅರ್ಥ. ಪ್ಲಗ್ ಒರೆಸಿ ಒಣಗಿಸಿ ಹಾಕಿ, ಚೋಕ್ ಇಲ್ಲದೆ ಪ್ರಯತ್ನಿಸಿ.

ಇನ್ನು ದೂಡುವ ಕ್ರಮ. ಕೀ ಆನ್, ಎರಡನೇ ಗೇರು, ಕ್ಲಚ್ ಪೂರ್ತಿ ಒತ್ತಿ. ಬೈಕು ಓಡುನಡಿಗೆಯ ವೇಗಕ್ಕೆ ಬಂದಾಗ ಸೀಟಿನ ಮೇಲೆ ಭಾರ ಹಾಕಿ ಕ್ಲಚ್ ಬಿಡಿ. ಎಂಜಿನ್ ಹಿಡಿದ ಕೂಡಲೇ ಮತ್ತೆ ಕ್ಲಚ್ ಒತ್ತಿ, ಸ್ವಲ್ಪ ಆಕ್ಸಿಲರೇಟರ್ ಕೊಡಿ. ಒಂದನೇ ಗೇರು ಯಾಕೆ ಬೇಡ? ಅದರಲ್ಲಿ ಎಂಜಿನ್ ತುಂಬಾ ಗಟ್ಟಿ, ಚಕ್ರ ಲಾಕ್ ಆಗಿ ಜಾರುತ್ತದೆ. ಪಾಚಿ ಹಿಡಿದ ಅಂಗಳದಲ್ಲಂತೂ ಬೀಳುವುದು ಖಂಡಿತ.

ಒಬ್ಬರೇ ಇದ್ದರೆ ಉಪಾಯ ಇನ್ನೂ ಸುಲಭ: ರಾತ್ರಿ ನಿಲ್ಲಿಸುವಾಗಲೇ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದು. ನಮ್ಮ ಕಡೆ ಇಳಿಜಾರಿಗೆ ಬರ ಇಲ್ಲವಲ್ಲ! ಬೆಳಿಗ್ಗೆ ಕೂತು ಬ್ರೇಕ್ ಬಿಟ್ಟರೆ ಸಾಕು. ಆದರೆ ಬ್ರೇಕ್ ಸರಿ ಇರಬೇಕು, ಕೆಳಗೆ ರಸ್ತೆ ಖಾಲಿ ಇರಬೇಕು.

ಪ್ರತಿ ಬೈಕಿಗೂ ಅದರದ್ದೇ ಗುಣ ಉಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್, ಮುಂದೆ ತಂದರೆ ಗೇರು. ಹಳೆಯ 6 ವೋಲ್ಟಿನ ಯೆಜ್ಡಿಗೆ ಕಿಡಿ ಹುಟ್ಟಲು ಬ್ಯಾಟರಿ ಬೇಕು. ಅದಕ್ಕೆ ಕಾರಿನ 12 ವೋಲ್ಟಿನ ವಯರ್ ಜೋಡಿಸಲು ಹೋಗಬೇಡಿ. ಆರ್‌ಎಕ್ಸ್ 100ಕ್ಕೆ ಆ ತಲೆಬಿಸಿಯೇ ಇಲ್ಲ, ಬ್ಯಾಟರಿ ಸತ್ತರೂ ಕಿಡಿ ಬರುತ್ತದೆ.

ಹಳೇ ಬುಲೆಟ್ಟಿಗೆ ಬಲಕ್ಕಿಂತ ತಾಳ್ಮೆ ಮುಖ್ಯ. ಆಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕನ್ನು ಮೆಲ್ಲ ಒತ್ತಿ. ಆಮೇಲೆ ಹ್ಯಾಂಡಲಿನ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕನ್ನು ಇನ್ನೂ ಸ್ವಲ್ಪ ಇಳಿಸಿ. ಲಿವರ್ ಬಿಟ್ಟು, ಕಿಕ್ಕನ್ನು ಮೇಲೆ ಬರಲು ಬಿಟ್ಟು, ಒಂದೇ ಸಲ ಪೂರ್ತಿ ತುಳಿಯಿರಿ. ಅರ್ಧಂಬರ್ಧ ತುಳಿದರೆ ಅದು ತಿರುಗಿ ಒದೆಯುತ್ತದೆ, ಕಾಲು ಮುರಿದರೂ ಮುರಿದೀತು.

ಮಾಡಬಾರದ್ದೂ ಉಂಟು. ಕಾರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುವವರಿದ್ದಾರೆ, ಎಂಜಿನ್ ಹಿಡಿದ ಕ್ಷಣ ಕಡ್ಡಿಗಳ ನಡುವೆ ಬೆರಳು ಸಿಕ್ಕಿದರೆ ಮುಗಿಯಿತು. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಹೊಸ ಬೈಕಿದ್ದವರು ನಗಬೇಡಿ. 2020ರಲ್ಲಿ ಬಿಎಸ್-6 ಬಂದ ಮೇಲೆ ಹೆಚ್ಚಿನ ಬೈಕುಗಳು ಫ್ಯುಯೆಲ್ ಇಂಜೆಕ್ಷನ್‌ನವು. ಪೆಟ್ರೋಲ್ ಪಂಪ್ ತಿರುಗಲಿಕ್ಕೇ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತರೆ ಗುಡ್ಡೆಯ ತುದಿಯಿಂದ ಬಿಟ್ಟರೂ ಅದು ಸ್ಟಾರ್ಟ್ ಆಗುವುದು ಕಷ್ಟ.

ಮುಂದಿನ ಸಲ ಊರಿಗೆ ಹೋದಾಗ ಹಗಲಲ್ಲೇ, ಅಪ್ಪ ಪಕ್ಕದಲ್ಲಿರುವಾಗ, ಎರಡು ಸಲ ದೂಡಿ ನೋಡಿ. ಒಂದು ಹೊಸ ಪ್ಲಗ್ಗನ್ನೂ ಪ್ಲಗ್ ಸ್ಪ್ಯಾನರನ್ನೂ ಟೂಲ್ ಬಾಕ್ಸಿಗೆ ಹಾಕಿ ಬನ್ನಿ. ಬೈಕು ಯಾವ ಕಡೆಗೆ ಮುಖ ಮಾಡಿ ನಿಲ್ಲಬೇಕು ಅಂತಲೂ ಅಪ್ಪನ ಹತ್ತಿರ ಮಾತಾಡಿ ಬನ್ನಿ.